ಕೆನರಾ ಜಿಲ್ಲೆ ಹೋಳಾದ ಬಗೆ

ಎಲ್ಲರಿಗೂ ನಮಸ್ಕಾರ.

ಮಂಗಳೂರು, ಉಡುಪಿ, ಕಾರವಾರ, ಕಾಸರಗೋಡು. ಇವತ್ತು ಇವು ಎರಡು ರಾಜ್ಯಗಳಲ್ಲಿ ಹಂಚಿಹೋದ ನಾಲ್ಕು ಜಿಲ್ಲೆಗಳ ಕೇಂದ್ರಗಳು. ಒಂದು ಕಾಲದಲ್ಲಿ ಇವೆಲ್ಲ ಒಬ್ಬ ಕಲೆಕ್ಟರ್ ಕೈಕೆಳಗಿದ್ದವು. ಆ ಜಿಲ್ಲೆಯ ಹೆಸರು ಕೆನರಾ. ಅದನ್ನು ಹೋಳು ಮಾಡಿದಾಗ ಇಲ್ಲಿ ಬದುಕುವವರ ಅನುಕೂಲ ನೋಡಿದ್ದು ಬಹಳ ಕಡಿಮೆ. ನಾನು ಹೇಳಬೇಕೆಂದಿರುವುದು ಅದನ್ನೇ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಉತ್ತರಕ್ಕೆ ಗೋವೆಯ ಗಡಿ, ದಕ್ಷಿಣಕ್ಕೆ ನೀಲೇಶ್ವರ, ಘಟ್ಟದ ಮೇಲಿನ ಸೋಂದಾ ಸೀಮೆಯೂ ಸೇರಿ ಮದ್ರಾಸಿಗೆ ಒಳಪಟ್ಟ ಒಂದೇ ಜಿಲ್ಲೆ. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಇಲ್ಲಿನ ಮಳೆ ಅವರಿಗೆ ಸಾಕಾಗಿಹೋಗಿತ್ತು. 1800ರ ಕೊನೆಗೇ ಬಳ್ಳಾರಿ ಕಡೆಗೆ ಹೋದರು. ಆದರೆ ಅಷ್ಟರಲ್ಲೇ ಅವರು ಒಂದು ಸಂಗತಿ ಗಮನಿಸಿದ್ದರು. ಇಲ್ಲಿ ಭೂಮಿಗೆ ಹಿಂದಿನಿಂದಲೂ ಒಡೆಯರಿದ್ದಾರೆ, ಅದನ್ನು ಮಾರುತ್ತಾರೆ, ಅಡವಿಡುತ್ತಾರೆ, ಅದಕ್ಕೆ ಹಳೆಯ ಕಡತಗಳ ಆಧಾರವೂ ಇದೆ.

1834ರಲ್ಲಿ ಕೊಡಗು ಕಂಪನಿಯ ವಶವಾದಾಗ ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳನ್ನು, ಅಂದರೆ ಹಲವು ಹಳ್ಳಿಗಳ ಕಂದಾಯ ವಿಭಾಗಗಳನ್ನು, ಕೆನರಾಕ್ಕೆ ಸೇರಿಸಿದರು. ಅಲ್ಲಿನ ರೈತರು ಮೊದಲು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಈಗ ರೊಕ್ಕ ಕೊಡಿ ಎಂದಿತು ಸರ್ಕಾರ. ರೊಕ್ಕಕ್ಕಾಗಿ ವರ್ತಕರ ಬಾಗಿಲಿಗೆ ಹೋಗಬೇಕಾಯಿತು. 1837ರಲ್ಲಿ ಅದೇ ಸೀಮೆಯ ರೈತರು ದಂಗೆ ಎದ್ದು ಮಂಗಳೂರಿನವರೆಗೆ ಬಂದು, ಊರನ್ನು ಕೆಲವು ದಿನ ಹಿಡಿದಿಟ್ಟುಕೊಂಡರು. ಮುಂದಾಳುಗಳನ್ನು ಗಲ್ಲಿಗೇರಿಸಿದರು. ಗಡಿ ಬದಲಾಯಿಸುವುದು ಸುಮ್ನೆ ಕಾಗದದ ಕೆಲಸ ಅಲ್ಲ ಎಂದು ನಾನು ಹೇಳುವುದು ಇದಕ್ಕೇ.

ದೊಡ್ಡ ಪೆಟ್ಟು ಬಿದ್ದದ್ದು ಹತ್ತಿಯಿಂದ. ಧಾರವಾಡದ ಹತ್ತಿ ಮುಂಬೈ ಪ್ರಾಂತ್ಯದ್ದು. ಅದನ್ನು ಹಡಗಿಗೆ ಹಾಕಲು ಹತ್ತಿರದ ಒಳ್ಳೆಯ ಬಂದರು ಕಾರವಾರ, ಅದು ಮದ್ರಾಸಿನದು. ವ್ಯಾಪಾರಿಗಳು ಒತ್ತಾಯ ಹಾಕಿದರು. 1860ರ ಹೊತ್ತಿಗೆ ಜಿಲ್ಲೆ ಉತ್ತರ, ದಕ್ಷಿಣ ಎಂದು ಎರಡಾಗಿತ್ತು. 1862ರಲ್ಲಿ ಉತ್ತರ ಕೆನರಾವನ್ನು ಮುಂಬೈಗೆ ಕೊಟ್ಟರು. ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕೆನರಾಕ್ಕೆ ಮರಳಿತು. ಮುಂದೆ ಮರ್ಮಗೋವಾಕ್ಕೆ ರೈಲು ಬಂದದ್ದೇ ಹತ್ತಿ ಆ ದಾರಿ ಹಿಡಿಯಿತು, ಕಾರವಾರ ಸೊರಗಿತು. ಬಂದರಿಗಾಗಿ ಎಳೆದ ಗೆರೆ ಮಾತ್ರ ಹಾಗೇ ಉಳಿಯಿತು.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಈಗಿನ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ಮಂಗಳೂರಿನ ಕಲೆಕ್ಟರ್ ಆಡಳಿತದಲ್ಲಿದ್ದವು. ಟಿಪ್ಪುವಿನ ಕಾಲದಲ್ಲೇ ಅವು ಮಂಗಳೂರಿಗೆ ಸೇರಿದ್ದವು. ದ್ವೀಪದ ಹೆಂಗಸರು ಹೊಸೆದ ತೆಂಗಿನ ನಾರಿನ ಹುರಿಯನ್ನು ಬೇರೆಯವರಿಗೆ ಮಾರುವಂತಿರಲಿಲ್ಲ. ಸರ್ಕಾರವೇ ತಾನು ಹೇಳಿದ ದರಕ್ಕೆ ಕೊಂಡು, ಬದಲಿಗೆ ಅಕ್ಕಿ ಕೊಡುತ್ತಿತ್ತು. ಭತ್ತ ಬೆಳೆಯದ ದ್ವೀಪದವರು ಆ ಅಕ್ಕಿಯನ್ನು ಬೇಡ ಅನ್ನಲು ಸಾಧ್ಯವಿತ್ತೇ? ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಇಂದಿಗೂ ಸಾಮಾನು ಹೋಗುತ್ತದೆ. ಆ ನಂಟು ಅಷ್ಟು ಹಳೆಯದು.

1956ರ ನವೆಂಬರ್ 1ರಂದು ಎರಡೂ ಕೆನರಾಗಳು ಮೈಸೂರು ರಾಜ್ಯದಲ್ಲಿ ಮತ್ತೆ ಸೇರಿದವು. ಅದೇ ದಿನ ಕಾಸರಗೋಡು ತಾಲೂಕು ಇಡಿಯಾಗಿ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಗೆ ಬರಲೇ ಇಲ್ಲ. ಅಲ್ಲಿನ ಕನ್ನಡ ಶಾಲೆಗಳ ಬಗ್ಗೆ ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ. 1984ರಲ್ಲಿ ಕಾಸರಗೋಡು, 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಗಳಾದವು.

1862ರ ಗೆರೆಯ ಗುರುತು ಕಾಣಬೇಕೆಂದರೆ ಅಡಿಕೆ ತೋಟಗಳಿಗೆ ಬನ್ನಿ. ತೋಟಕ್ಕೆ ಸೊಪ್ಪು ಬೇಕು, ಅದನ್ನು ಪಕ್ಕದ ಸರ್ಕಾರಿ ಜಾಗದಿಂದ ತರಬೇಕು. ಪುತ್ತೂರಿನಲ್ಲೂ ಹೀಗೇ, ಶಿರಸಿಯಲ್ಲೂ ಹೀಗೇ. ಆದರೆ ಮದ್ರಾಸಿನ ಕಾನೂನಿನಡಿ ಬೆಳೆದ ದಕ್ಷಿಣದಲ್ಲಿ ಆ ಜಾಗದ ಹೆಸರು ಕುಮ್ಕಿ, ಮುಂಬೈ ಕಾನೂನಿನಡಿ ಬೆಳೆದ ಉತ್ತರದಲ್ಲಿ ಸೊಪ್ಪಿನ ಬೆಟ್ಟ. ನಿಯಮ ಬೇರೆ, ಕಡತ ಬೇರೆ, ಹಕ್ಕಿನ ಹೋರಾಟವೂ ಬೇರೆ ಬೇರೆ. ಎರಡೂ ಕಡೆಯ ರೈತರು ಇವತ್ತಿಗೂ ಕಂದಾಯ ಇಲಾಖೆ ಮತ್ತು ಅರಣ್ಯ ಇಲಾಖೆಯ ನಡುವೆ ಓಡಾಡುತ್ತಿದ್ದಾರೆ.