ಕೋಳಿ ಕಾಲಡಿ ಒದ್ದೆ ಇರಬಾರದು

ಬಾನುಲಿ ಕೇಳುಗರಿಗೆ ನಮಸ್ಕಾರ.

ಈಗ ರೇಡಿಯೋ ಮುಂದೆ ಕೂತಿರುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ಅಂತ ನನ್ನ ಊಹೆ. ನಿಮ್ಮ ಹಿತ್ತಲಲ್ಲಿ ಏಳೆಂಟು ನಾಟಿ ಕೋಳಿ ಇರುತ್ತವೆ. ಒಂದು ಹುಂಜ. ಕಾವಿನಿಂದ ಎದ್ದ ಒಂದು ಹ್ಯಾಟೆ, ಅದರ ಹಿಂದೆ ಹತ್ತು ಮರಿ. ಅಲ್ವಾ? ಸಾವಿರಾರು ಕೋಳಿ ಸಾಕುವ ಶೆಡ್ಡಿನವರಿಗೆ ಹೇಳಿಕೊಡಲು ಬೇರೆ ಜನ ಇದ್ದಾರೆ. ಅವರು ಈಗ ರೇಡಿಯೋ ಆರಿಸಿದರೂ ನನಗೆ ಬೇಜಾರಿಲ್ಲ. ನನ್ನ ಮಾತು ಹಿತ್ತಲ ಕೋಳಿಯವರ ಜೊತೆ.

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ನಮ್ಮದು ಬಯಲುಸೀಮೆ. ಚಿಕ್ಕಬಳ್ಳಾಪುರವಾಗಲಿ ಕೋಲಾರವಾಗಲಿ, ವರ್ಷವಿಡೀ ಹರಿಯುವ ಹೊಳೆ ಅಂತ ಒಂದೂ ಇಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬಿದ್ದರೆ ಅದೇ ಭಾಗ್ಯ. ಹಾಗಾಗಿ ನಮ್ಮ ಕೋಳಿ ಗೂಡುಗಳೆಲ್ಲ ಬಿಸಿಲು ನೋಡಿ ಕಟ್ಟಿದ ಗೂಡುಗಳು. ಮಳೆ ನೋಡಿ ಕಟ್ಟಿದ್ದಲ್ಲ. ಮಲೆನಾಡಿನವರಿಗೆ ಹೇಳುವುದು ಬೇಕಿಲ್ಲ, ಅವರ ಅಜ್ಜಂದಿರೇ ಕಲಿಸಿದ್ದಾರೆ. ನಾವು ಹತ್ತು ವರ್ಷ ಮಳೆ ಬರಲಿ ಅಂತ ಮೊರೆ ಇಡುತ್ತೇವೆ. ಹನ್ನೊಂದನೇ ವರ್ಷ ಹಿಡಿದ ಜಡಿಮಳೆ ಬಿಡುವುದಿಲ್ಲ. ಆಗ ಕೋಳಿ ಒಂದೊಂದಾಗಿ ಸಾಯಲು ಶುರುವಾದರೆ ನನಗೆ ಫೋನು. "ಡಾಕ್ಟ್ರೇ, ಮಳೆಗೆ ಕೋಳಿ ಹೋಯಿತು."

ಮಳೆಗೆ ಹೋಗಿರುವುದಿಲ್ಲ. ಇವತ್ತು ನಾನು ಹೇಳಬೇಕಾದ್ದು ಇದೊಂದೇ. ಕೋಳಿ ಮಳೆಯಿಂದ ಸಾಯುವುದಿಲ್ಲ, ಒದ್ದೆ ನೆಲದಿಂದ ಸಾಯುತ್ತದೆ.

ದೊಡ್ಡ ಕೋಳಿಯನ್ನು ಗಮನಿಸಿ ನೋಡಿ. ಅದರ ಬಾಲದ ಬುಡದಲ್ಲಿ ಕಡಲೆಬೀಜದಷ್ಟು ಒಂದು ಗಂಟು ಇರುತ್ತದೆ. ಅದರಲ್ಲಿ ಎಣ್ಣೆ. ಕೊಕ್ಕಿನಿಂದ ಆ ಎಣ್ಣೆ ತೆಗೆದು ಗರಿಗೆಲ್ಲ ಸವರಿಕೊಳ್ಳುತ್ತದೆ. ಅದಕ್ಕೇ ಒಂದು ಹದ ಮಳೆಯಲ್ಲಿ ನೆನೆದರೂ ಹುಣಸೆ ಮರದ ಕೆಳಗೆ ನಿಂತು ಒಮ್ಮೆ ಮೈ ಕೊಡವಿದರೆ ಆಯಿತು. ಮರಿಗೆ ಹಾಗಲ್ಲ. ಮರಿಯ ಮೈಮೇಲೆ ಇರುವುದು ಗರಿಯಲ್ಲ, ಬರೀ ತುಪ್ಪಳ. ಅದು ನೆನೆದರೆ ಹತ್ತಿಯ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಆದ್ದರಿಂದ ಮರಿ ನೆನೆಯಬಾರದು, ಸರಿ. ಆದರೆ ಮರಿ ನೆನೆಯದ ಹಾಗೆ ನೋಡಿಕೊಳ್ಳುವ ಗಡಿಬಿಡಿಯಲ್ಲಿ ನಾವು ಅದಕ್ಕಿಂತ ದೊಡ್ಡ ತಪ್ಪು ಮಾಡುತ್ತೇವೆ. ನಾವು ಅಂದರೆ ನಾನೂ ಸೇರಿ. ಅದನ್ನೇ ಹೇಳಿಬಿಡುತ್ತೇನೆ.

2021ರ ನವೆಂಬರ್ ನಿಮಗೆ ನೆನಪಿರಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಂಥ ಮಳೆ! ರಾಗಿ ಕೊಯ್ಲಿಗೆ ಬಂದಿತ್ತು, ತೆನೆಯಲ್ಲೇ ಮೊಳಕೆ ಬಂತು. ನಾನು ಆಗ ನಿವೃತ್ತನಾಗಿ ಗೌರಿಬಿದನೂರು ತಾಲ್ಲೂಕಿನ ನಮ್ಮೂರಿಗೆ ಬಂದು ಸೇರಿಕೊಂಡಿದ್ದೆ. ಜೀವಮಾನವೆಲ್ಲ ಊರವರ ಕೋಳಿ ನೋಡಿದ್ದಾಯಿತು, ಈಗ ನಮ್ಮದೇ ಒಂದಿಷ್ಟು ಸಾಕೋಣ ಅಂತ 40 ಗಿರಿರಾಜ ಮರಿ ತಂದಿದ್ದೆ. ಗಿರಿರಾಜ ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ಹುಟ್ಟಿದ ತಳಿ, ನನಗೆ ಅದರ ಮೇಲೆ ಸ್ವಲ್ಪ ಅಭಿಮಾನ. ಮರಿಗಳಿಗೆ ಮೂರು ವಾರ ತುಂಬಿತ್ತು. ಮಳೆ ಹಿಡಿಯಿತು.

ನಾನು ಏನು ಮಾಡಿದೆ? ನೀಲಿ ಟಾರ್ಪಾಲು ತಂದು ಗೂಡಿನ ನಾಲ್ಕೂ ಕಡೆ ಬಿಗಿದೆ. ಒಂದು ಸಂದಿಯೂ ಬಿಡಲಿಲ್ಲ. ಒಳಗೆ ಎರಡು ಬಲ್ಬು ಹಾಕಿದೆ. ಕೆಳಗೆ ಭತ್ತದ ಹೊಟ್ಟು, ಅದರ ಮೇಲೆ ಗೋಣಿಚೀಲ. ನಮ್ಮ ಮನೆಯವರನ್ನು ಕರೆದು ತೋರಿಸಿದೆ. "ನೋಡು, ಇವಕ್ಕೆ ಈಗ ಲಾಡ್ಜಿಂಗ್ ವ್ಯವಸ್ಥೆ ಆಯಿತು" ಅಂದೆ. ಅವರು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮೂರನೇ ದಿನ ಬೆಳಿಗ್ಗೆ ಟಾರ್ಪಾಲು ಎತ್ತಿದೆ. ಒಳಗಿನ ಗಾಳಿ ಮುಖಕ್ಕೆ ಬಡಿಯಿತು, ಕಣ್ಣಲ್ಲಿ ನೀರು ಬಂತು. ಈರುಳ್ಳಿ ಹೆಚ್ಚಿದ ಹಾಗೆ. ಅದು ಅಮೋನಿಯ. ಗೋಣಿ ಎತ್ತಿದರೆ ಕೆಳಗಿನ ಹೊಟ್ಟು ಕಪ್ಪಗೆ ರೊಟ್ಟಿಯ ಹಾಗೆ ಗಟ್ಟಿ ಕಟ್ಟಿಕೊಂಡಿದೆ. ಹೊರಗಿನಿಂದ ಒಂದು ಹನಿ ಮಳೆ ಒಳಗೆ ಬಂದಿಲ್ಲ. ಹಾಗಾದರೆ ಇಷ್ಟು ನೀರು ಎಲ್ಲಿಂದ? ಕೋಳಿಯಿಂದಲೇ! ಕೋಳಿ ಒಂದು ಕಿಲೋ ಆಹಾರ ತಿಂದರೆ ಸುಮಾರು ಎರಡು ಲೀಟರ್ ನೀರು ಕುಡಿಯುತ್ತದೆ. ಆ ನೀರೆಲ್ಲ ಎಲ್ಲಿ ಹೋಗಬೇಕು? ಹಿಕ್ಕೆಯಲ್ಲಿ ಬರುತ್ತದೆ, ಉಸಿರಲ್ಲಿ ಬರುತ್ತದೆ. ಗಾಳಿ ಆಡುತ್ತಿದ್ದರೆ ಆರಿ ಹೋಗುತ್ತದೆ. ನಾನು ಗಾಳಿಗೇ ಬಾಗಿಲು ಹಾಕಿದ್ದೆನಲ್ಲ! ಇದನ್ನು ಬೇರೆಯವರಿಗೆ ಎಷ್ಟು ಸಲ ಪಾಠ ಮಾಡಿದ್ದೆನೋ ಲೆಕ್ಕವಿಲ್ಲ.

ಐದನೇ ದಿನ ಹಿಕ್ಕೆಯಲ್ಲಿ ರಕ್ತ. ಕುಂಕುಮ ಕಲಸಿ ಚೆಲ್ಲಿದ ಹಾಗೆ. ಮರಿಗಳು ರೆಕ್ಕೆ ಜೋತುಹಾಕಿಕೊಂಡು, ಕಣ್ಣು ಮುಚ್ಚಿ, ಒಂದರ ಮೇಲೊಂದು ಒರಗಿ ನಿಂತಿದ್ದವು. ಇದಕ್ಕೆ ರಕ್ತಭೇದಿ ಅನ್ನುತ್ತೇವೆ, ಇಂಗ್ಲಿಷಿನಲ್ಲಿ ಕಾಕ್ಸಿಡಿಯೋಸಿಸ್. ಇದರ ಜೀವಿ ಕಣ್ಣಿಗೆ ಕಾಣುವುದಿಲ್ಲ, ಹಿಕ್ಕೆಯಲ್ಲಿ ಮೊಟ್ಟೆಯ ರೂಪದಲ್ಲಿ ಹೊರಗೆ ಬರುತ್ತದೆ. ಒಣ ನೆಲಕ್ಕೆ ಬಿದ್ದರೆ ಅಲ್ಲೇ ಒಣಗಿ ಹಾಳಾಗುತ್ತದೆ. ಬೆಚ್ಚಗೆ, ಒದ್ದೆಯಾಗಿ ಇರುವ ನೆಲಕ್ಕೆ ಬಿದ್ದರೆ ಎರಡು ದಿನ ಸಾಕು, ಬಲಿತು ಕೂತಿರುತ್ತದೆ. ಮರಿ ಅದನ್ನು ಕುಕ್ಕಿ ತಿಂದರೆ ಕರುಳು ಹರಿಯುತ್ತದೆ. ಮೂರರಿಂದ ಆರು ವಾರದ ಮರಿಗೆ ಇದರ ಕಾಟ ಜಾಸ್ತಿ. ನಾನು ಬಲ್ಬು ಹಾಕಿ, ಟಾರ್ಪಾಲು ಬಿಗಿದು, ಆ ರೋಗಕ್ಕೆ ಬಾಣಂತನ ಮಾಡಿದ್ದೆ. ಆಂಪ್ರೋಲಿಯಂ ಔಷಧಿ ನನ್ನ ಬ್ಯಾಗಿನಲ್ಲೇ ಇತ್ತು. ನೀರಿಗೆ ಹಾಕಿ ಕೊಟ್ಟೆ. ತಡವಾಗಿತ್ತು. 40ರಲ್ಲಿ ಉಳಿದದ್ದು 13.

ಇಷ್ಟೇ ಆಗಿದ್ದರೆ ನಿಮಗೆ ಹೇಳುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನಮ್ಮ ಗೌರಿಬಿದನೂರು, ಬಾಗೇಪಲ್ಲಿ ಕಡೆ ಮಾತು ಅರ್ಧ ಕನ್ನಡ, ಅರ್ಧ ತೆಲುಗು ಅಂತ ನಿಮಗೆ ಗೊತ್ತು. ತೆಲುಗಿನಲ್ಲಿ ಕೋಳಿಗೆ ಕೋಡಿ ಅನ್ನುತ್ತಾರೆ. ನಾನು ಸತ್ತ ಮರಿಗಳನ್ನು ಹೂಳಲು ಗುಂಡಿ ತೆಗೆಯುತ್ತಿದ್ದೆ. ಅಜ್ಜಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬೇಲಿ ಹತ್ತಿರ ಬಂದರು. ಸ್ವಲ್ಪ ಹೊತ್ತು ನೋಡಿದರು. "ಡಾಕ್ಟ್ರೇ, ಕೆರೆ ಕೋಡಿ ಬಿತ್ತಂತೆ" ಅಂದರು. ಹೌದಂತೆ ಅಂದೆ. "ನಿಮ್ಮ ಕೋಡೀನೂ ಬಿತ್ತಲ್ಲ" ಅಂದರು.

ನಗಬೇಕೋ ಅಳಬೇಕೋ ಹೇಳಿ!

ಅವರ ಕೋಳಿ ಒಂದೂ ಸತ್ತಿರಲಿಲ್ಲ. ತಪ್ಪಾಯಿತು, ಒಂದು ಹ್ಯಾಟೆಯನ್ನು ಮುಂಗುಸಿ ಹಿಡಿದಿತ್ತು. ಹೋಗಿ ನೋಡಿದೆ. ದೊಡ್ಡ ಕೋಳಿಗಳು ದನದ ಕೊಟ್ಟಿಗೆಯ ಅಡ್ಡಮರದ ಮೇಲೆ ಕೂತಿದ್ದವು. ಕೊಟ್ಟಿಗೆಗೆ ಮುಂದುಗಡೆ ಗೋಡೆಯೇ ಇಲ್ಲ. ಮಳೆ ಬೀಸುವ ಕಡೆ ಮಾತ್ರ ಒಂದು ತೆಂಗಿನ ಗರಿಯ ತಟ್ಟಿ ಒರಗಿಸಿದ್ದರು. ಮರಿಗಳು ಜಗಲಿಯ ಮೇಲೆ, ಕವುಚಿ ಹಾಕಿದ ಮಂಕರಿಯ ಕೆಳಗೆ, ತಾಯಿಯ ಜೊತೆ. ಕೆಳಗೆ ಒಣ ರಾಗಿಹುಲ್ಲು, ಅದರಡಿ ಒಲೆಯ ಬೂದಿ. ದಿನಾ ಬೆಳಿಗ್ಗೆ ಆ ಹುಲ್ಲು ಬೂದಿ ಎರಡನ್ನೂ ಗುಡಿಸಿ ತಿಪ್ಪೆಗೆ ಹಾಕಿ ಹೊಸದು ಹಾಕುತ್ತಿದ್ದರು. ಅಷ್ಟೇ. ಟಾರ್ಪಾಲಿಲ್ಲ, ಬಲ್ಬಿಲ್ಲ. ಕೋಳಿ ಕಾಲಡಿ ಒದ್ದೆ ಇಲ್ಲ.

ಸ್ಟುಡಿಯೋದವರು ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಅಜ್ಜಿಯ ಕಥೆ ಶುರುವಾದರೆ ನನಗೆ ಹೀಗೇ ಆಗುತ್ತದೆ. ಉಳಿದದ್ದನ್ನು ಬೇಗ ಹೇಳುತ್ತೇನೆ, ಪೆನ್ನು ಇದ್ದರೆ ತಗೊಳ್ಳಿ.

ನೆಲ ಒಣಗಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಕಣ್ಣಿಂದ ನೋಡಿ ಹೇಳಬೇಡಿ. ಗೂಡಿನ ಹೊಟ್ಟು ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಹಿಂಡಿ, ಮುಷ್ಟಿ ಬಿಡಿ. ಉದುರಿ ಹೋದರೆ ಸರಿ ಇದೆ. ಚಟ್ನಿ ಉಂಡೆಯ ಹಾಗೆ ನಿಂತರೆ ಅವತ್ತೇ ತೆಗೆದು ಬೇರೆ ಹಾಕಿ, ನಾಳೆಗೆ ಇಡಬೇಡಿ. ಕೈ ಗಲೀಜಾಗುತ್ತದೆ ಅನ್ನಬೇಡಿ, ಸೋಪು ಇದೆ. ಇನ್ನೊಂದು, ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೂಗನ್ನು ಕೋಳಿಯ ಎತ್ತರಕ್ಕೆ ತಂದು ಮೂಸಿ ನೋಡಿ. ನಿಂತರೆ ವಾಸನೆ ಗೊತ್ತಾಗುವುದಿಲ್ಲ. ಕೋಳಿ ಉಸಿರಾಡುವುದು ಕೆಳಗಿನ ಗಾಳಿ.

ಹೊಟ್ಟು ಎರಡು ಮೂರು ಅಂಗುಲ ದಪ್ಪ ಇರಲಿ, ದಿನಾ ಒಮ್ಮೆ ಕೆದಕಿ. ಜೊತೆಗೆ ಅರಳಿದ ಸುಣ್ಣದ ಪುಡಿ ಸ್ವಲ್ಪ ಬೆರೆಸಿ. ಅರಳಿದ್ದು ಅಂದೆ, ಸುಟ್ಟ ಸುಣ್ಣ ಹಾಗೇ ಹಾಕಿದರೆ ಕಾಲು ಸುಡುತ್ತದೆ. ತಿಪಟೂರು ಕಡೆಯವರು ತೆಂಗಿನ ನಾರಿನ ಪುಡಿ ಹಾಕುತ್ತಾರೆ. ಬಿಸಿಲಿಗೆ ಚೆನ್ನಾಗಿ ಒಣಗಿಸಿದ್ದಾದರೆ ಹಾಕಿ. ನೀರು ಹೀರುವುದರಲ್ಲಿ ಅದು ಗಟ್ಟಿ, ಆದರೆ ಹೀರಿದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ನೀರಿನ ಬಟ್ಟಲು ನೆಲದ ಮೇಲೆ ಇಡಬೇಡಿ. ಅದರ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಬರುವ ಹಾಗೆ ಇಟ್ಟಿಗೆ ಮೇಲೆ ಇಡಿ. ಗೂಡು ಒದ್ದೆಯಾಗುವುದು ಅರ್ಧ ಚೆಲ್ಲಿದ ನೀರಿನಿಂದಲೇ. ಟಾರ್ಪಾಲು ಕಟ್ಟುವುದಾದರೆ ಮಳೆ ಬೀಸುವ ಕಡೆ ಮಾತ್ರ, ಅದೂ ಮೇಲೆ ಸೂರಿನ ಹತ್ತಿರ ಒಂದು ಗೇಣು ಬಿಟ್ಟು.

ಇನ್ನು ಕಾವು. ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುತ್ತೀರಿ. ಇಡಿ, ನನ್ನ ತಕರಾರಿಲ್ಲ. ಆದರೆ ಮೊಟ್ಟೆ ಕೆಡುವುದು ಗುಡುಗಿಗಲ್ಲ. ಮಳೆಗಾಲದಲ್ಲಿ ಮೊಟ್ಟೆಗೆ ಕೆಸರು ಮೆತ್ತಿರುತ್ತದೆ. ನೀವು ಪಾಪ, ಚೆನ್ನಾಗಿ ತೊಳೆದು ಕಾವಿಗೆ ಇಡುತ್ತೀರಿ. ಕೆಡುವುದು ಅದಕ್ಕೆ. ಮೊಟ್ಟೆಯ ಸಿಪ್ಪೆಯಲ್ಲಿ ಸಾವಿರಾರು ಸಣ್ಣ ತೂತುಗಳಿವೆ, ಅವನ್ನು ಮುಚ್ಚಿಕೊಂಡು ತೆಳ್ಳಗೆ ಒಂದು ಲೇಪ ಇರುತ್ತದೆ. ತೊಳೆದರೆ ಆ ಲೇಪ ಹೋಗುತ್ತದೆ, ಕೊಳಕು ಒಳಗೆ ಇಳಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ. ಒರೆಸಿದರೂ ಹೋಗದಷ್ಟು ಕೆಸರಿದ್ದರೆ ಆ ಮೊಟ್ಟೆ ಸಾರಿಗೆ. ಒಂದು ವಾರದೊಳಗೆ ಇಟ್ಟ ಮೊಟ್ಟೆ ಮಾತ್ರ ಆರಿಸಿ, ಒಂದು ಹ್ಯಾಟೆಗೆ ಹತ್ತು ಹನ್ನೆರಡು ಸಾಕು. ಬುಟ್ಟಿಯ ತಳಕ್ಕೆ ಒಣ ಮರಳು, ಮೇಲೆ ಹುಲ್ಲು. ಏಳನೇ ದಿನ ರಾತ್ರಿ ಟಾರ್ಚು ಹಿಡಿದು ನೋಡಿ. ಜೇಡರ ಬಲೆಯ ಹಾಗೆ ಕೆಂಪು ನರ ಕಂಡರೆ ಜೀವ ಇದೆ. ಬರೀ ಬೆಳಕು ಕಂಡರೆ ತೆಗೆದುಬಿಡಿ. 21 ದಿನಕ್ಕೆ ಮರಿ. ಗಿರಿರಾಜ ಹ್ಯಾಟೆ ಕಾವಿಗೆ ಕೂರುವುದಿಲ್ಲ, ಅದರ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗೆ ಇಡಬೇಕು.

ತಾಯಿ ಇಲ್ಲದ ಮರಿಗೆ ಬಲ್ಬು ಬೇಕು, ಒಂದು ಮರಿಗೆ ಎರಡು ವ್ಯಾಟ್ ಲೆಕ್ಕ. ಥರ್ಮಾಮೀಟರ್ ಬೇಡ, ಮರಿಯೇ ಹೇಳುತ್ತದೆ. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ. ದೂರ ಹೋಗಿ ಬಾಯಿ ತೆರೆದು ಕೂತರೆ ಸೆಕೆ. ಹರಡಿಕೊಂಡು ಓಡಾಡುತ್ತಿದ್ದರೆ ಸುಮ್ನೆ ಬಿಡಿ.

ಆಹಾರ. ಮಳೆಗೆ ನೆಂದ ಮುಸುಕಿನ ಜೋಳ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, "ಕೋಳಿಗೆ ತಾನೆ, ಹಾಕು" ಅನ್ನುತ್ತಾರಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದರೆ ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಅಫ್ಲಾಟಾಕ್ಸಿನ್ ಅನ್ನುವ ವಿಷ ಗೊತ್ತಾದದ್ದೇ ಆಗ. ತೊಳೆದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಮೂಟೆಯನ್ನು ಹಲಗೆ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ.

ಲಸಿಕೆ. ಕೊಕ್ಕರೆ ರೋಗ ಅಂದರೆ ಕೋಳಿಯಿಂದ ಕೋಳಿಗೆ ಅಂಟುವ ರಾಣಿಖೇತ್ ರೋಗ. ಅದಕ್ಕೆ ಔಷಧಿ ಇಲ್ಲ, ಲಸಿಕೆ ಇದೆ. ಮೊದಲ ವಾರದಲ್ಲಿ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರ ಇನ್ನೊಂದು, ಎಂಟನೇ ವಾರ ಚುಚ್ಚುಮದ್ದು. ಬಾಟಲಿಯಲ್ಲಿ ಸಾಮಾನ್ಯವಾಗಿ 100 ಕೋಳಿಗೆ ಆಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಹತ್ತು ಮನೆಯವರು ಸೇರಿ ಒಂದೇ ದಿನ ಹಾಕಿಸಿ, ನಿಮ್ಮ ಸ್ತ್ರೀಶಕ್ತಿ ಸಂಘ ಇರುವುದು ಮತ್ಯಾಕೆ? ಲಸಿಕೆಯನ್ನು ಐಸಿನಲ್ಲಿಟ್ಟು ತನ್ನಿ. ಒಬ್ಬರು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದರು. ಅಂಥ ಲಸಿಕೆ ಹಾಕುವುದೂ ಒಂದೇ, ನೀರು ಹಾಕುವುದೂ ಒಂದೇ. ಸಂತೆಯಿಂದ ತಂದ ಕೋಳಿಯನ್ನು 15 ದಿನ ಬೇರೆ ಕಡೆ ಕಟ್ಟಿ. ಸತ್ತ ಕೋಳಿಯನ್ನು ಕೆರೆಗೆ ಎಸೆಯಬೇಡಿ, ಆಳವಾಗಿ ಹೂತು ಸುಣ್ಣ ಹಾಕಿ.

ಸಿಡುಬಿನ ಬಗ್ಗೆ, ಜಂತುಹುಳದ ಬಗ್ಗೆ ಹೇಳಬೇಕಿತ್ತು. ಸಮಯ ಆಗಿಹೋಯಿತು, ಮತ್ತೆ ಕರೆದರೆ ಬರುತ್ತೇನೆ. ಅಂದಹಾಗೆ ಅಜ್ಜಿಯ ಒಲೆಗೆ ಈಗ ಗ್ಯಾಸ್ ಬಂದಿದೆ. ಬೂದಿಗೆ ಏನು ಮಾಡುತ್ತೀರಿ ಅಂತ ಕೇಳಿದೆ. ಹಿತ್ತಲಲ್ಲಿ ನೀರು ಕಾಯಿಸುವ ಒಲೆ ಹಾಗೇ ಇಟ್ಟುಕೊಂಡಿದ್ದೇನೆ ಅಂದರು, ಸ್ನಾನಕ್ಕಲ್ಲ, ಕೋಳಿಗೆ. ನಮಸ್ಕಾರ.