ನೀರೊಲೆಯ ಮುಂದಿನ ಮಣೆ

ಕೇಳುಗರಿಗೆಲ್ಲ ನಮಸ್ಕಾರ. ಬೆಳಗಿನ ಹೊತ್ತು, ನಿಮ್ಮಲ್ಲಿ ಅನೇಕರ ಮನೆಯ ಹಂಡೆಯಲ್ಲಿ ಈಗ ನೀರು ಕಾಯುತ್ತಿರುತ್ತದೆ. ಆ ಒಲೆಯ ಹತ್ತಿರ ಮಗು ಕೂತಿದ್ದರೆ ಮೊದಲು ಎಬ್ಬಿಸಿ ಹೊರಗೆ ಕಳಿಸಿ. ಆಮೇಲೆ ನನ್ನ ಮಾತು ಕೇಳಿ.

ಹುಟ್ಟಿದ ಮಗುವಿನ ಶ್ವಾಸಕೋಶದ ಕೆಲಸ ಇನ್ನೂ ಮುಗಿದಿರುವುದಿಲ್ಲ. ಉಸಿರು ತುಂಬಿಕೊಳ್ಳುವ ಪುಟ್ಟ ಗಾಳಿಗೂಡುಗಳು ಬೆಳೆಯುತ್ತ ಬೆಳೆಯುತ್ತ 30 ಕೋಟಿ ದಾಟಬೇಕು. ಹೊಗೆಯ ಸೂಕ್ಷ್ಮ ಕಣ ನಿಮ್ಮ ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲಿನಷ್ಟೂ ಇರುವುದಿಲ್ಲ, ನೇರ ಆ ಗೂಡಿಗೇ ಇಳಿಯುತ್ತದೆ. ಮಕ್ಕಳು ನಮಗಿಂತ ಬೇಗಬೇಗ ಉಸಿರಾಡುತ್ತಾರೆ. ಮೈತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಹೊಗೆ ಕುಡಿಯುತ್ತಾರೆ.

ತಿಪಟೂರಿನ ಕಡೆಯ ಒಬ್ಬ ಹುಡುಗ, ಆರು ವರ್ಷ. ಒಂದೇ ಚಳಿಗಾಲದಲ್ಲಿ ನಾಲ್ಕು ಸಲ ಉಬ್ಬಸ ಬಂತು. ಪ್ರತಿ ಸಲವೂ ಅಜ್ಜಿ ಸೊಂಟದ ಮೇಲೆ ಹೊತ್ತು, ವೈದ್ಯನಾದ ನನ್ನ ಬಳಿ ತರುತ್ತಿದ್ದರು. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನಲ್ಲಿ ಕೊಡುವ ನೆಬ್ಯುಲೈಜರ್ ಇಟ್ಟರೆ ಇಳಿಯುತ್ತಿತ್ತು, ಮೂರು ವಾರಕ್ಕೆ ಮತ್ತೆ ಹಾಜರು. "ಅಜ್ಜೀ, ಸೌದೆ ಒಲೆ ಇದೆಯಾ?" ಅಂದರೆ, "ಇಲ್ಲ ಸ್ವಾಮಿ, ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು" ಅನ್ನುತ್ತಿದ್ದರು.

ಒಂದು ಭಾನುವಾರ ಮದುವೆಗೆ ಹೋಗುವಾಗ ಅವರ ಮನೆಗೆ ಹೋದೆ. ಅಡುಗೆಮನೆ ಚೊಕ್ಕಟವಾಗಿತ್ತು. ಕೈಕಾಲು ತೊಳೆಯಲೆಂದು ಬಚ್ಚಲಿಗೆ ಹೋದೆನಲ್ಲ, ಗೋಡೆ ಮುಟ್ಟಿದರೆ ಬೆರಳಿಗೆ ಜಿಡ್ಡು ಮಸಿ. ಹಂಡೆಯ ಕೆಳಗೆ ಹಸಿ ತೆಂಗಿನ ಮಟ್ಟೆ, ಅದರೊಳಗೆ ಎಣ್ಣೆ ಪ್ಯಾಕೆಟ್ಟು, ಅರ್ಧ ಕರಗಿದ ರಬ್ಬರ್ ಚಪ್ಪಲಿ. ಒಲೆಯ ಬಾಯಿಗೆ ಎದುರಾಗಿ ಒಂದು ಪುಟ್ಟ ಮಣೆ.

"ಇದು ಯಾರದು?"

"ಮಗೂದೇ ಸ್ವಾಮಿ. ಚಳಿ ಅಂತ ಇಲ್ಲೇ ಕೂತು ಮಗ್ಗಿ ಹೇಳ್ತಾನೆ. ಉರಿ ಆರಿದ್ರೆ ಊದೋದೂ ಅವನೇ."

ಉಬ್ಬಸದ ಮಗುವಿನ ಕೈಯಲ್ಲಿ ಊದುಗೊಳವೆ! ಪ್ರತಿ ಸಲ ಊದುವ ಮುಂಚೆ ಎದೆತುಂಬ ಎಳೆದುಕೊಳ್ಳುವುದು ಆ ಹೊಗೆಯನ್ನೇ ಅಲ್ಲವೇ? "ನೀವು ಅಡುಗೆ ಒಲೆ ಕೇಳಿದ್ರಿ, ನೀರೊಲೆ ಕೇಳ್ಲಿಲ್ಲ" ಅಂದರು ಅಜ್ಜಿ. ನಿಜ. ಅವತ್ತಿನಿಂದ ಎರಡನ್ನೂ ಕೇಳುತ್ತೇನೆ.

ಮಣೆ ಜಗಲಿಗೆ ಬಂತು. ಪ್ಲಾಸ್ಟಿಕ್ ನಿಂತಿತು. ಒಲೆಗೆ ತಗಡಿನ ಹೊಗೆಕೊಳವೆ ಹಾಕಿಸಿದರು. ಇನ್ಹೇಲರನ್ನೂ ಬಿಡದೆ ಕೊಟ್ಟರು. ಮುಂದಿನ ಚಳಿಗಾಲದಲ್ಲಿ ಹುಡುಗ ಬಂದದ್ದು ಒಂದೇ ಸಲ.

ದೊಡ್ಡ ಮಟ್ಟದಲ್ಲೂ ಇದು ಕಂಡಿದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಿಂದ ಸಾವಿರಾರು ಮಕ್ಕಳ ಉಸಿರಿನ ಶಕ್ತಿಯನ್ನು ಅಳೆಯುತ್ತ ಬಂದರು. ಗಾಳಿ ಶುದ್ಧವಾದಂತೆ, ಶ್ವಾಸಕೋಶ ದುರ್ಬಲವಾಗಿದ್ದ ಮಕ್ಕಳು ನೂರಕ್ಕೆ ಎಂಟರಿಂದ ನಾಲ್ಕಕ್ಕೆ ಇಳಿದರು. ಹೊಗೆ ಕಡಿಮೆಯಾದರೆ ಎದೆ ಬೆಳೆಯುತ್ತದೆ, ಅಷ್ಟೇ.

ಸಮಯವಾಯಿತು ಎಂದು ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಸೊಳ್ಳೆಬತ್ತಿಯದೂ ಹೊಗೆಯೇ, ಮಗುವಿಗೆ ಸೊಳ್ಳೆಪರದೆ ಕಟ್ಟಿ. ಕಸಕ್ಕೆ ಬೆಂಕಿ ಹಚ್ಚಬೇಡಿ. ಬೀಡಿ ಸೇದುವವರು ಅಂಗಳದಾಚೆ ಹೋಗಲಿ, ಬಿಟ್ಟರಂತೂ ಇನ್ನೂ ಸಂತೋಷ. ಇನ್ಹೇಲರ್ ಚಟವಾಗುತ್ತದೆ ಅಂತ ದಯವಿಟ್ಟು ಯಾರೂ ಹೇಳಬೇಡಿ. ಇಪ್ಪತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ, ಅದು ಸುಳ್ಳು. ಮಗುವಿನ ಮಣೆಯನ್ನು ಇವತ್ತೇ ಒಲೆಯ ಮುಂದಿನಿಂದ ಎತ್ತಿ. ನಮಸ್ಕಾರ.