ಕೆಂಪು ದೀಪ, ಸೈರನ್: ಬಲಕ್ಕೆ ಹೋಗಿ ನಿಲ್ಲಿ

ಕೇಳುಗರಿಗೆ ನಮಸ್ಕಾರ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಊರಿಂದ ಹೊಸದಾಗಿ ಬಂದವರಿಗೆ ಕಾರು ಓಡಿಸುವುದನ್ನು ಕಲಿಸುವವನು ನಾನು. ಇವತ್ತು ಒಂದೇ ಒಂದು ಮಾತು ಹೇಳಬೇಕಿದೆ. ಮುಂಭಾಗದಲ್ಲಿ ಕೆಂಪು ದೀಪ ಉರಿಸುತ್ತಾ, ಸೈರನ್ ಕೂಗುತ್ತಾ ಗಾಡಿ ಬಂತು ಅಂದರೆ, ರಸ್ತೆಯ ಬಲ ಅಂಚಿಗೆ ಹೋಗಿ ನಿಲ್ಲಿ. ನಿಧಾನ ಮಾಡಿದರೆ ಸಾಲದು, ನಿಲ್ಲಬೇಕು.

ಸುಲಭ ಅನ್ನಿಸುತ್ತದೆ, ಅಲ್ವಾ? ಹುಬ್ಬಳ್ಳಿಯಿಂದ ಬಂದ ಒಬ್ಬ ಹುಡುಗನಿಗೆ ಕಲಿಸುತ್ತಿದ್ದೆ. ಊರಲ್ಲಿ ಚೆನ್ನಾಗಿ ಓಡಿಸುತ್ತಿದ್ದವನೇ. ಸನ್ನಿವೇಲ್‌ನ ಎಲ್ ಕಮಿನೋ ರಸ್ತೆಯಲ್ಲಿ ನಡುವಿನ ಲೇನ್‌ನಲ್ಲಿ ಹೋಗುತ್ತಿದ್ದೆವು. ಹಿಂದೆ ಸೈರನ್ ಕೇಳಿಸಿತು. ಕನ್ನಡಿಯಲ್ಲಿ ನೋಡಿದ, ಆಂಬುಲೆನ್ಸ್. ಗಾಬರಿಯಲ್ಲಿ ಇಂಡಿಕೇಟರ್ ಹಾಕಲು ಬಲಗೈ ಎತ್ತಿದ. ನಮ್ಮೂರ ಕಾರಿನಲ್ಲಿ ಇಂಡಿಕೇಟರ್ ಕಡ್ಡಿ ಬಲಕ್ಕೆ, ಇಲ್ಲಿ ಎಡಕ್ಕೆ. ಹಾಗಾಗಿ ಒಣ ಗಾಜಿನ ಮೇಲೆ ವೈಪರ್ ಕಿರ್ರೆಂದು ಓಡಾಡತೊಡಗಿತು. ಸ್ಟೀರಿಂಗ್ ಕೂಡ ಊರಿನ ರೂಢಿಯಂತೆ ಎಡಕ್ಕೇ ತಿರುಗಿತು. ಆಂಬುಲೆನ್ಸ್ ಬರುತ್ತಿದ್ದುದೂ ಅದೇ ಎಡಗಡೆ ಲೇನ್‌ನಲ್ಲಿ! ಹಿಂದಿನಿಂದ ಭೋಂಕ್ ಎಂದು ಹಾರ್ನ್. "ಬಲಕ್ಕೆ, ಬಲಕ್ಕೆ" ಎಂದು ನಾನು. ಅಂತೂ ಜಾಗ ಸಿಕ್ಕಿತು, ಆಂಬುಲೆನ್ಸ್ ಹೋಯಿತು.

ಅಂಚಿನಲ್ಲಿ ನಿಂತು ಸುಧಾರಿಸಿಕೊಂಡ ಮೇಲೆ ಅವನೊಂದು ಪ್ರಶ್ನೆ ಕೇಳಿದ. "ಸರ್, ಅದರ ಮೇಲೆ ಯಾವುದೋ ಕಂಪನಿ ಹೆಸರಿತ್ತು. ಖಾಸಗಿ ಗಾಡಿಗೂ ದಾರಿ ಬಿಡಬೇಕಾ?" ಒಳ್ಳೆಯ ಪ್ರಶ್ನೆ. ಉತ್ತರ ಈ ರಾಜ್ಯದ ವಾಹನ ಸಂಹಿತೆಯ 165ನೇ ಸೆಕ್ಷನ್‌ನಲ್ಲಿದೆ. ತುರ್ತು ವಾಹನ ಎಂದರೆ ಯಾವುದು ಅಂತ ಹೇಳುವುದೇ ಈ ಸೆಕ್ಷನ್. ಸರ್ಕಾರದ ಆಂಬುಲೆನ್ಸ್ ಅದರಲ್ಲಿದೆ. ಖಾಸಗಿ ಆಂಬುಲೆನ್ಸ್ ಕೂಡ ಇದೆ, ಆದರೆ ಅದಕ್ಕೆ ಕ್ಯಾಲಿಫೋರ್ನಿಯಾ ಹೈವೇ ಪ್ಯಾಟ್ರೋಲ್, ಅಂದರೆ ರಾಜ್ಯದ ಹೆದ್ದಾರಿ ಪೊಲೀಸರ ಲೈಸೆನ್ಸ್ ಇರಬೇಕು. ಪೊಲೀಸರ ಗಾಡಿ, ಅಗ್ನಿಶಾಮಕ ಗಾಡಿ, ಅರಣ್ಯ ಇಲಾಖೆಯ ಗಾಡಿ ಸರಿಯೇ. ಸಾಂತಾ ಕ್ರೂಜ್ ಕಡಲತೀರದಲ್ಲಿ ಮುಳುಗುವವರನ್ನು ಕಾಪಾಡುವ ಲೈಫ್‌ಗಾರ್ಡ್‌ಗಳನ್ನು ನೋಡಿರುತ್ತೀರಿ. ಸರ್ಕಾರದ ಲೈಫ್‌ಗಾರ್ಡ್ ಗಾಡಿಯೂ ತುರ್ತು ವಾಹನವೇ. ಇನ್ನು ಕೆಲವು ಗಾಡಿಗಳಿಗೆ ಹೈವೇ ಪ್ಯಾಟ್ರೋಲ್ ಪ್ರತ್ಯೇಕ ಪರ್ಮಿಟ್ ಕೊಡುತ್ತದೆ. ಅಂದರೆ ಯಾರ ಗಾಡಿ, ಯಾವ ಕೆಲಸದ ಗಾಡಿ, ಯಾರು ಒಪ್ಪಿಗೆ ಕೊಟ್ಟಿದ್ದು, ಇಷ್ಟನ್ನೇ ಕಾನೂನು ನೋಡುತ್ತದೆ. ಒಳಗೆ ಕೂತವರು ಎಷ್ಟು ದೊಡ್ಡವರು ಅಂತ ಕೇಳುವುದಿಲ್ಲ. ನನಗೆ ಈ ಕಾನೂನು ಇಷ್ಟವಾಗುವುದು ಅದಕ್ಕೇ.

ಮಿಣಮಿಣ ದೀಪ ಇದ್ದದ್ದೆಲ್ಲ ತುರ್ತು ವಾಹನವಲ್ಲ. ಕೆಟ್ಟ ಕಾರು ಎಳೆಯುವ ಟೋ ಟ್ರಕ್‌ಗೆ ಹಳದಿ ದೀಪ. ಅದು ಈ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ಡಾಕ್ಟರುಗಳು ಜಾಸ್ತಿ, ಅವರೂ ಕೇಳುತ್ತಿರುತ್ತಾರೆ. ತುರ್ತು ಕರೆಗೆ ಹೋಗುವ ಡಾಕ್ಟರಿಗೆ, ಕಾರಿನ ಮೇಲೆ ಒಪ್ಪಿಗೆ ಪಡೆದ ಲಾಂಛನ ಇದ್ದರೆ, ಕೆಲವು ವೇಗಮಿತಿಗಳಿಂದ ವಿನಾಯಿತಿ ಇದೆ. ಅಷ್ಟರಿಂದಲೇ ಅವರ ಕಾರು ತುರ್ತು ವಾಹನ ಆಗಿಬಿಡುವುದಿಲ್ಲ. ದಯವಿಟ್ಟು ಯಾರೂ ಸ್ವಂತ ಕಾರಿಗೆ ಸೈರನ್ ಕೂರಿಸಬೇಡಿ.

ಹಾಗಾದರೆ ದಾರಿಯಲ್ಲಿ ಗುರುತು ಹಿಡಿಯುವುದು ಹೇಗೆ? 165ನೇ ಸೆಕ್ಷನ್ ಬಾಯಿಪಾಠ ಮಾಡಬೇಕಿಲ್ಲ. ಪ್ರತಿ ತುರ್ತು ವಾಹನಕ್ಕೂ ಮುಂದಿನಿಂದ 1,000 ಅಡಿ ದೂರಕ್ಕೆ ಕಾಣುವ, ಮಿನುಗದೆ ಒಂದೇ ಸಮ ಉರಿಯುವ ಕೆಂಪು ದೀಪ ಇರಲೇಬೇಕು. ಅದು ಉರಿಯುತ್ತಿದೆ, ಸೈರನ್ ಕೇಳುತ್ತಿದೆ ಎಂದರೆ ಬಲಕ್ಕೆ ಹೋಗಿ ನಿಲ್ಲಿ. ಯಾವ ಕಂಪನಿ, ಯಾವ ಇಲಾಖೆ ಅಂತ ಓದುತ್ತಾ ಕೂರಬೇಡಿ. ಅದೇ ಆಂಬುಲೆನ್ಸ್ ದೀಪ, ಸೈರನ್ ಇಲ್ಲದೆ ಸುಮ್ನೆ ಹೋಗುತ್ತಿದ್ದರೆ ಅದೂ ನಿಮ್ಮ ಹಾಗೇ ಸಿಗ್ನಲ್‌ನಲ್ಲಿ ನಿಲ್ಲಬೇಕು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನಾಲ್ಕು ದಾರಿ ಕೂಡುವ ಕಡೆ ನಡುವೆ ನಿಲ್ಲಬೇಡಿ. ಅಷ್ಟರಲ್ಲಿ ಒಳಗೆ ಹೋಗಿಬಿಟ್ಟಿದ್ದರೆ ದಾಟಿ, ಆಮೇಲೆ ಬಲಕ್ಕೆ ಹೋಗಿ ನಿಲ್ಲಿ. ದಾರಿ ಖಾಲಿಯಾಯಿತು ಅಂತ ತುರ್ತು ವಾಹನದ ಬೆನ್ನು ಹತ್ತುವವರಿದ್ದಾರೆ. ಹಾಗೆ ಮಾಡಬೇಡಿ, 300 ಅಡಿಗಿಂತ ಹತ್ತಿರ ಹಿಂಬಾಲಿಸುವುದು ಕಾನೂನಿಗೆ ವಿರುದ್ಧ. ಮಕ್ಕಳ ಮನೆಗೆ ಬಂದು ಸಂಜೆ ವಾಕಿಂಗ್ ಹೋಗುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ರಸ್ತೆ ದಾಟುವಾಗ ಸೈರನ್ ಕೇಳಿದರೆ ಹತ್ತಿರದ ಫುಟ್‌ಪಾತ್ ಹತ್ತಿಬಿಡಿ. ಕಾನೂನು ನಡೆಯುವವರಿಗೂ ಅನ್ವಯಿಸುತ್ತದೆ. ನಮಸ್ಕಾರ.